ಮುಚ್ಚಳ ಬಿಚ್ಚುವ ಮೊದಲು ನಾಬ್ ತಿರುಗಿಸಿ: ಒಂದು ಡಿಜೆ ಮಿಕ್ಸರ್ ರಿಪೇರಿ

"ಒಂದ್ ಸೈಡ್ ಹೋಗಿದೆ ಅಣ್ಣ."

ಡಿಜೆ ಮಿಕ್ಸರ್ ರಿಪೇರಿಗೆ ಬಂದರೆ ಜೊತೆಗೆ ಬರುವ ಕಂಪ್ಲೇಂಟ್ ಹೆಚ್ಚುಕಮ್ಮಿ ಇದೇ. ಯಾವ ಸೈಡ್ ಅಂತ ಕೇಳಿದರೆ ಉತ್ತರ ಬರೋದಿಲ್ಲ. ಎಡ ಸ್ಪೀಕರ್ ಇರಬಹುದು. ಎರಡನೇ ಚಾನೆಲ್ ಇರಬಹುದು. ಹೆಡ್‌ಫೋನಿನ ಒಂದು ಕಿವಿ ಇರಬಹುದು. ಕ್ರಾಸ್‌ಫೇಡರಿನ ಒಂದು ತುದಿಯೂ ಇರಬಹುದು. ಈ ಸಲ ನನ್ನ ಮೇಜಿಗೆ ಬಂದ ಎರಡು ಚಾನೆಲ್ಲಿನ, ಅಂದರೆ ಎರಡು ಕಡೆಯಿಂದ ಬರುವ ಹಾಡು ಬೆರೆಸುವ ಮಿಕ್ಸರ್‌ನಲ್ಲಿ ಇವೆಲ್ಲವೂ ಸ್ವಲ್ಪ ಸ್ವಲ್ಪ ಇದ್ದವು. ತಂದವನು ಶಿವಮೊಗ್ಗ ಕಡೆ ಮದುವೆ, ಆರತಕ್ಷತೆ, ಗಣಪತಿ ಮೆರವಣಿಗೆಗೆ ಸೌಂಡ್ಸ್ ಬಾಡಿಗೆಗೆ ಕೊಡುವ ಹುಡುಗ. ಮಿಕ್ಸರ್ ಯಾವ ಕಂಪನಿಯದು ಅನ್ನೋದು ಇಲ್ಲಿ ಮುಖ್ಯವಲ್ಲ. ಈ ದರ್ಜೆಯ ಮಿಕ್ಸರ್‌ಗಳ ಒಳಗಿನ ಲೆಕ್ಕಾಚಾರ ಎಲ್ಲದರಲ್ಲೂ ಹತ್ತಿರಹತ್ತಿರ ಒಂದೇ.

ಸ್ಕ್ರೂಡ್ರೈವರ್ ಕೈಗೆ ತಗೊಳ್ಳೋ ಮೊದಲು ಒಂದು ಮಾತು. ಮಿಕ್ಸರ್ ಮುಂಭಾಗದ ನಾಬ್‌ಗಳನ್ನು ಚಂದ ಕಾಣಲಿ ಅಂತ ಸಾಲಾಗಿ ಇಟ್ಟಿರೋದಲ್ಲ. ಒಳಗೆ ಸಿಗ್ನಲ್ ಯಾವ ದಾರಿಯಲ್ಲಿ ಹೋಗುತ್ತದೋ ನಾಬ್‌ಗಳೂ ಬಹುತೇಕ ಅದೇ ಕ್ರಮದಲ್ಲಿವೆ. ಮೇಲೆ ಇನ್‌ಪುಟ್ ಆರಿಸುವ ಲೈನ್-ಫೋನೋ ಸ್ವಿಚ್, ಅದರ ಕೆಳಗೆ ಒಳಬರುವ ಸಿಗ್ನಲ್ ಹಿಗ್ಗಿಸುವ ಗೇನ್, ಆಮೇಲೆ ಹೈ, ಮಿಡ್, ಲೋ ಅನ್ನುವ ಟೋನ್ ನಾಬ್‌ಗಳು, ಆಮೇಲೆ ಕ್ಯೂ ಬಟನ್, ಆ ಚಾನೆಲ್ಲಿನ ಸೌಂಡ್ ಏರಿಳಿಸುವ ಜಾರುಕಡ್ಡಿ ಅಂದರೆ ಚಾನೆಲ್ ಫೇಡರ್, ಕೊನೆಗೆ ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಿಸುವ ಅಡ್ಡಡ್ಡ ಕ್ರಾಸ್‌ಫೇಡರ್. ಸರ್ಕ್ಯೂಟ್ ಡಯಾಗ್ರಾಮ್ ಸಿಗದ ಮಿಕ್ಸರ್ ಆದರೂ ಅರ್ಧ ಡಯಾಗ್ರಾಮ್ ಅದರ ಮುಖದ ಮೇಲೇ ಇರುತ್ತದೆ. ಯಾವ ನಾಬ್ ತಿರುಗಿಸಿದಾಗ ತೊಂದರೆ ಬದಲಾಗುತ್ತದೆ, ಯಾವುದಕ್ಕೆ ಬದಲಾಗೋದಿಲ್ಲ ಅಂತ ನೋಡಿಕೊಂಡರೆ ಮುಚ್ಚಳ ತೆಗೆಯುವ ಹೊತ್ತಿಗೆ ಎಲ್ಲಿ ನೋಡಬೇಕು ಅನ್ನೋದು ಗೊತ್ತಾಗಿರುತ್ತದೆ.

ಟೆಸ್ಟ್‌ಗೆ ನಾನು ಹಾಡು ಬಳಸೋದಿಲ್ಲ. ಹಾಡಿನಲ್ಲಿ ಎಡಬಲ ಬೇರೆಬೇರೆ ಇರುತ್ತದೆ, ಜೋರು ಮೆತ್ತಗೆ ಆಗುತ್ತಿರುತ್ತದೆ, ಕಿವಿಗೆ ಮೋಸ ಆಗುತ್ತದೆ. ಹೆಡ್‌ಫೋನ್ ಜ್ಯಾಕ್ ಇರುವ ಎರಡು ಹಳೇ ಫೋನ್ ಸಾಕು. ಒಂದರಲ್ಲಿ 400 ಹರ್ಟ್ಜ್ ಟೋನ್, ಇನ್ನೊಂದರಲ್ಲಿ 1000 ಹರ್ಟ್ಜ್ ಟೋನ್. ಮೊದಲನೆಯದು ಚಾನೆಲ್ 1ಕ್ಕೆ, ಎರಡನೆಯದು ಚಾನೆಲ್ 2ಕ್ಕೆ. ಎರಡು ಸ್ವರಗಳ ವ್ಯತ್ಯಾಸ ಎಂಥವರಿಗೂ ಗೊತ್ತಾಗುತ್ತದೆ. ಯಾವ ಚಾನೆಲ್ ಎಲ್ಲಿ ಬರುತ್ತಿದೆ, ಎಲ್ಲಿ ಬರಬಾರದ ಕಡೆ ಸೋರುತ್ತಿದೆ ಅಂತ ತಕ್ಷಣ ತಿಳಿಯುತ್ತದೆ. ದೊಡ್ಡ ಆಂಪ್‌ಗೆ ಕನೆಕ್ಟ್ ಮಾಡೋದು ಬೇಡ. ಸಣ್ಣ ಸ್ಪೀಕರ್ ಇಲ್ಲವೇ ಹೆಡ್‌ಫೋನ್, ಅದೂ ಕಡಿಮೆ ವಾಲ್ಯೂಮಿನಲ್ಲಿ.

ಮೊದಲ ಕೆಲಸ ತೀರಾ ಸರಳ. ಮಾಸ್ಟರ್ ನಾಬ್ ಪಕ್ಕ ಚಿಕ್ಕದೊಂದು ಬ್ಯಾಲೆನ್ಸ್ ನಾಬ್ ಇರುತ್ತದೆ. ಅದು ನಡುವೆ ಇದೆಯಾ ನೋಡಿ. ಪೆಟ್ಟಿಗೆಗೆ ಹಾಕುವಾಗ ತೆಗೆಯುವಾಗ ಕೈ ತಾಗಿ ತಿರುಗಿರುತ್ತದೆ, ಯಾರೂ ಗಮನಿಸಿರೋದಿಲ್ಲ. ನಮ್ಮದರಲ್ಲಿ ಅದು ಸರಿಯಾಗೇ ಇತ್ತು.

ಇನ್ನು ಚಾನೆಲ್ 2. ಟೋನ್ ಬಿಟ್ಟೆ. ಮಾಸ್ಟರಿನಲ್ಲಿ ಬಲ ಸೈಡ್ ಗಟ್ಟಿಯಾಗಿದೆ, ಎಡ ಬರುತ್ತದೆ, ಹೋಗುತ್ತದೆ. ತೊಂದರೆ ದಾರಿಯ ಯಾವ ಭಾಗದಲ್ಲಿದೆ? ಇಲ್ಲಿ ಕ್ಯೂ ಬಟನ್ ಕೆಲಸಕ್ಕೆ ಬರುತ್ತದೆ. ಕ್ಯೂ ಇರೋದು ಮುಂದಿನ ಹಾಡನ್ನು ಜನಕ್ಕೆ ಕೇಳಿಸದ ಹಾಗೆ ಹೆಡ್‌ಫೋನಿನಲ್ಲಿ ಮೊದಲೇ ಕೇಳಿಕೊಳ್ಳೋದಕ್ಕೆ. ನ್ಯೂಯಾರ್ಕ್‌ನ ಬ್ರಾಂಕ್ಸ್‌ನ ಡಿಜೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ 1970ರ ದಶಕದಲ್ಲಿ ತನ್ನ ಮಿಕ್ಸರ್‌ಗೆ ಇಂಥದ್ದೊಂದು ಸ್ವಿಚ್ಚನ್ನು ತಾನೇ ಕೂರಿಸಿಕೊಂಡಿದ್ದ ಅನ್ನೋದು ಹಿಪ್‌ಹಾಪ್ ಇತಿಹಾಸ ಓದಿದವರಿಗೆ ಗೊತ್ತಿರುವ ಸಂಗತಿ. ರಿಪೇರಿ ಮಾಡುವವನಿಗೆ ಮಾತ್ರ ಕ್ಯೂ ಅಂದರೆ ಕಾಲುವೆಯ ಮಧ್ಯದಲ್ಲಿ ಇಟ್ಟ ತೂಬು. ಗೇನ್ ಮತ್ತು ಟೋನ್ ನಾಬ್‌ಗಳು ಆದ ಮೇಲೆ, ಫೇಡರಿಗೆ ಮೊದಲು, ಅಲ್ಲಿಂದ ಸಿಗ್ನಲ್ ಹೊರಗೆ ತೆಗೆದಿರುತ್ತಾರೆ. ತೂಬಿನಲ್ಲಿ ನೀರು ಸರಿಯಾಗಿದ್ದರೆ ತೊಂದರೆ ಕೆಳಗಿದೆ, ಅಲ್ಲೇ ಕೆಟ್ಟಿದ್ದರೆ ಮೇಲಿದೆ.

ಚಾನೆಲ್ ಫೇಡರ್ ಪೂರ್ತಿ ಕೆಳಗೆ ಎಳೆದು ಕ್ಯೂ ಒತ್ತಿದೆ. ಹೆಡ್‌ಫೋನಿನಲ್ಲೂ ಎಡ ಹೋಗಿಬಂದು ಮಾಡುತ್ತಿತ್ತು. ಅಂದರೆ ಫೇಡರ್, ಕ್ರಾಸ್‌ಫೇಡರ್, ಮಾಸ್ಟರ್ ಇಷ್ಟೂ ಅನುಮಾನದಿಂದ ಆಚೆ. ಉಳಿದಿದ್ದು ಇನ್‌ಪುಟ್ ಸಾಕೆಟ್, ಲೈನ್-ಫೋನೋ ಸ್ವಿಚ್, ಗೇನ್, ಮೂರು ಟೋನ್ ನಾಬ್. ಗೇನ್ ಮೆಲ್ಲಗೆ ತಿರುಗಿಸಿದೆ. ಸೌಂಡ್ ಸಮನಾಗಿ ಏರಿಳಿಯಿತು, ಕರಕರ ಇಲ್ಲ. ಹೈ, ಮಿಡ್, ಲೋ ನಾಬ್‌ಗಳನ್ನು ಒಂದೊಂದಾಗಿ ತಿರುಗಿಸಿ, ತಲೆಯ ಮೇಲೆ ಒತ್ತಿ, ಅಲುಗಾಡಿಸಿ ನೋಡಿದೆ. ವ್ಯತ್ಯಾಸ ಇಲ್ಲ. ಒತ್ತಿದಾಗ ಸೌಂಡ್ ಬಂದಿದ್ದರೆ ನಾಬಿನ ಬುಡದ ಬೆಸುಗೆ ಬಿಟ್ಟಿದೆ ಅಂತ ಅರ್ಥ. ಹಿಂದೆ ಚುಚ್ಚಿದ, ಹಾಡು ಒಳಗೆ ತರುವ ಆರ್‌ಸಿಎ ವೈರ್ ಎಳೆದಾಡಿದರೂ ಬದಲಾವಣೆ ಇಲ್ಲ. ಆಮೇಲೆ ಹೆಡ್‌ಫೋನ್ ವಾಲ್ಯೂಮ್ ಪೂರ್ತಿ ಇಳಿಸಿ, ಲೈನ್-ಫೋನೋ ಸ್ವಿಚ್ಚನ್ನು ಆಚೆ ತಳ್ಳಿ ವಾಪಸ್ ಲೈನ್‌ಗೆ ತಂದೆ. ವಾಲ್ಯೂಮ್ ಏರಿಸಿದರೆ ಎಡ ಸೈಡ್ ಪೂರ್ತಿ ಬಂದಿದೆ! ಬೆರಳಿನಿಂದ ಸ್ವಿಚ್ ಮೇಲೆ ಮೆಲ್ಲಗೆ ತಟ್ಟಿದೆ. ಹೋಯಿತು. ಕಳ್ಳ ಸಿಕ್ಕಿಬಿದ್ದ.

ವಾಲ್ಯೂಮ್ ಇಳಿಸಿದ್ದು ಸುಮ್ನೆ ಅಲ್ಲ. ಫೋನೋ ಅನ್ನೋದು ರೆಕಾರ್ಡ್ ಪ್ಲೇಯರ್‌ಗಾಗಿ ಮಾಡಿದ ದಾರಿ. ಅದರ ಸೂಜಿಯ ಕಾರ್ಟ್ರಿಜ್‌ನಿಂದ ಬರುವುದು 3ರಿಂದ 5 ಮಿಲಿವೋಲ್ಟ್ ಅಷ್ಟೇ. ಸಿಡಿ ಪ್ಲೇಯರ್, ಲ್ಯಾಪ್‌ಟಾಪ್ ಮುಂತಾದ ಲೈನ್ ಸಾಧನಗಳು ಅದರ ನೂರರಷ್ಟು ಜೋರಾಗಿರುತ್ತವೆ. ಹಾಗಾಗಿ ಫೋನೋ ದಾರಿಯಲ್ಲಿ ಸುಮಾರು 40 ಡಿಬಿ (ಡೆಸಿಬೆಲ್), ಅಂದರೆ 100 ಪಟ್ಟು ಹಿಗ್ಗಿಸುವ ಸರ್ಕ್ಯೂಟ್ ಇರುತ್ತದೆ. ಜೊತೆಗೆ ಆರ್‌ಐಎಎ ತಿದ್ದುಪಡಿ. ರೆಕಾರ್ಡ್ ಕೊರೆಯುವಾಗ ಬೇಸ್ ತಗ್ಗಿಸಿ ಟ್ರೆಬಲ್ ಏರಿಸಿರುತ್ತಾರೆ. ಅದನ್ನು ಇಲ್ಲಿ ತಿರುಗಾಮುರುಗಾ ಮಾಡಿ ಸರಿಹೊಂದಿಸುತ್ತಾರೆ. 20 ಹರ್ಟ್ಜ್‌ನಲ್ಲಿ ಏರಿಕೆ ಸುಮಾರು 19 ಡಿಬಿ, 20,000 ಹರ್ಟ್ಜ್‌ನಲ್ಲಿ ಇಳಿಕೆ ಹೆಚ್ಚುಕಮ್ಮಿ ಅಷ್ಟೇ. ಲ್ಯಾಪ್‌ಟಾಪ್ ವೈರನ್ನು ಫೋನೋ ಸಾಕೆಟ್‌ಗೆ ಚುಚ್ಚಿದರೆ ಬೇಸ್ ಉಬ್ಬಿಕೊಂಡು ಎಲ್ಲ ಒಡೆದು ಬರೋದು ಇದಕ್ಕೇ. ಫೋನೋದಲ್ಲಿ ಏನೂ ಕನೆಕ್ಟ್ ಮಾಡದೆ ಬಿಟ್ಟರೆ ಗುಂಯ್ ಅಂತ ಹಮ್ ಬರುತ್ತದೆ. ಹುಡುಗ ಅದನ್ನೂ ಕಂಪ್ಲೇಂಟ್ ಲಿಸ್ಟ್‌ನಲ್ಲಿ ಸೇರಿಸಿದ್ದ. ಅದು ಕೆಟ್ಟಿರೋದಲ್ಲ. ಅವನ ಹತ್ತಿರ ರೆಕಾರ್ಡ್ ಪ್ಲೇಯರೇ ಇಲ್ಲ, ಸ್ವಿಚ್ ಲೈನ್‌ನಲ್ಲೇ ಇರಲಿ ಅಂದೆ.

ಇನ್ನೊಂದು ಕಂಪ್ಲೇಂಟ್: ಸೌಂಡ್ ಒಡೆಯುತ್ತದೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡಬೇಕು. ಡಿಜೆ ಹುಡುಗರು ಸುಟ್ಟುಹಾಕಿದ ಸ್ಪೀಕರ್‌ಗಳಲ್ಲಿ ತುಂಬಾ ಪಾಲು ಇದರ ಲೆಕ್ಕಕ್ಕೇ ಸೇರುತ್ತದೆ ಅಂತ ನನ್ನ ಅನಿಸಿಕೆ.

"ಮಾಸ್ಟರ್ ಅರ್ಧಕ್ಕಿಂತ ಮೇಲೆ ಹೋಗೇ ಇಲ್ಲ ಅಣ್ಣ. ಆದ್ರೂ ಒಡೀತಿತ್ತು."

"ಗೇನ್ ಎಲ್ಲಿಟ್ಟಿದ್ದೆ ಮಾರಾಯ?"

"ಗೇನ್ ಯಾವಾಗ್ಲೂ ಫುಲ್ಲು. ಲ್ಯಾಪ್‌ಟಾಪ್ ಸೌಂಡ್ ಕಮ್ಮಿ ಅಲ್ವಾ?"

ಮಿಕ್ಸರ್ ಒಳಗೆ ಸಿಗ್ನಲ್ ಹಿಗ್ಗಿಸುವ ಆಪ್‌ಆಂಪ್ ಐಸಿಗಳಿಗೆ ಸಾಮಾನ್ಯವಾಗಿ ಪ್ಲಸ್ 15 ಮತ್ತು ಮೈನಸ್ 15 ವೋಲ್ಟ್ ಸಪ್ಲೈ. ಸಿಗ್ನಲ್ಲಿನ ಅಲೆ ಆ ಮಿತಿಯೊಳಗೇ ಏಳಬೇಕು, ಬೀಳಬೇಕು. ಸುಮಾರು 13 ವೋಲ್ಟ್ ದಾಟಿತು ಅಂದರೆ ಅಲೆಯ ತಲೆ ಚಪ್ಪಟೆಯಾಗಿ ಕತ್ತರಿಸಿ ಹೋಗುತ್ತದೆ. ಗೇನ್ ಇರೋದು ದಾರಿಯ ಶುರುವಿನಲ್ಲಿ, ಮಾಸ್ಟರ್ ಇರೋದು ಕೊನೆಯಲ್ಲಿ. ಶುರುವಿನಲ್ಲೇ ಚಪ್ಪಟೆಯಾದ ಅಲೆಯನ್ನು ಕೊನೆಯಲ್ಲಿ ತಗ್ಗಿಸಿದರೆ ಮೆತ್ತಗಿನ ಚಪ್ಪಟೆ ಅಲೆ ಸಿಗುತ್ತದೆ, ಅಷ್ಟೇ. ಗುಂಡಗಾಗೋದಿಲ್ಲ. ಆ ಮೇಲೆ ಅವನು ಲೋ ನಾಬನ್ನೂ ಪೂರ್ತಿ ಏರಿಸಿರುತ್ತಾನೆ. ಪ್ಲಸ್ 12 ಡಿಬಿ ಅಂದರೆ ವೋಲ್ಟೇಜ್ 4 ಪಟ್ಟು, ಸ್ಪೀಕರಿಗೆ ಹೋಗುವ ಪವರ್ 16 ಪಟ್ಟು. ಆಂಪಿನಲ್ಲಿ ಅಷ್ಟು ಶಕ್ತಿ ಇಲ್ಲದಿದ್ದರೆ ಅದೂ ಕತ್ತರಿಸುತ್ತದೆ. ಬೇಸ್ ಕಮ್ಮಿ ಅನಿಸಿದರೆ ಬೇಸ್ ಬಾಕ್ಸ್ ಜಾಸ್ತಿ ತಗೊಂಡು ಹೋಗಬೇಕು. ನಾಬ್ ತಿರುಗಿಸಿ ಬಾಕ್ಸ್ ಹುಟ್ಟಿಸೋದಕ್ಕೆ ಆಗೋದಿಲ್ಲ.

ಅವನ ಕೈಯಲ್ಲೇ ಮಾಡಿಸಿದೆ. ಟೋನ್ ನಾಬ್ ಮೂರೂ ನಡುವೆ, ಅಂದರೆ ಬೆರಳಿಗೆ ಟಕ್ ಅಂತ ತಾಗುವ ಜಾಗದಲ್ಲಿ. ಫೇಡರ್ ಕೆಳಗೆ. ಕ್ಯೂ ಒತ್ತಿ, ಮೀಟರಿನ ಸ್ವಿಚ್ಚನ್ನೂ ಕ್ಯೂ ಕಡೆಗೆ ಹಾಕಿದೆವು. ಹಾಡಿನ ಅತಿ ಜೋರಾದ ಭಾಗ ಬಿಟ್ಟು, ಗೇನ್ ಮೆಲ್ಲಗೆ ಏರಿಸುತ್ತಾ ಮೀಟರ್ ಸೊನ್ನೆ ಡಿಬಿ ಹತ್ತಿರ ಕುಣಿಯುವಾಗ ನಿಲ್ಲಿಸು ಅಂದೆ. ಕೆಂಪು ದೀಪ ಹತ್ತಕೂಡದು. ಲ್ಯಾಪ್‌ಟಾಪ್ ವಾಲ್ಯೂಮ್ ಪೂರ್ತಿ ಇಟ್ಟ ಮೇಲೆ ಗೇನ್ ಅರ್ಧವೂ ಬೇಕಾಗಲಿಲ್ಲ. ಎರಡನೇ ಚಾನೆಲ್‌ಗೂ ಹಾಗೇ. ಎರಡೂ ಸಮನಾದ ಮೇಲೆ ಫೇಡರ್ ಮೇಲೆತ್ತಿ, ಜೋರು ಬೇಕಾದಷ್ಟನ್ನು ಮಾಸ್ಟರಿನಲ್ಲಿ ತಗೊಳ್ಳೋದು. ಹುಡುಗನ ಮುಖ ನೋಡಬೇಕಿತ್ತು. ಇಷ್ಟು ವರ್ಷ ಗೇನ್ ಅಂದರೆ ಇನ್ನೊಂದು ವಾಲ್ಯೂಮ್ ಅಂದುಕೊಂಡಿದ್ದನಂತೆ.

ಟೋನ್ ನಾಬ್‌ಗಳ ಬಗ್ಗೆ ಹೆಚ್ಚು ಹೇಳೋದಿಲ್ಲ. ಡಿಜೆ ಮಿಕ್ಸರಿನಲ್ಲಿ ಇವು ಮನೆಯ ಸ್ಟೀರಿಯೋದ ಬೇಸ್-ಟ್ರೆಬಲ್ ನಾಬ್‌ಗಿಂತ ಒರಟು. ಏರಿಸಿದರೆ 9 ಅಥವಾ 12 ಡಿಬಿ, ಇಳಿಸಿದರೆ 26 ಡಿಬಿ ಇಲ್ಲವೇ ಪೂರ್ತಿ ಬಂದ್. ಇಳಿಕೆ ಜಾಸ್ತಿ ಇಟ್ಟಿರೋದಕ್ಕೆ ಕಾರಣ ಇದೆ. ಎರಡು ಹಾಡಿನ ಬೇಸ್ ಒಟ್ಟಿಗೆ ಬಂದರೆ ಗಜಿಬಿಜಿ ಆಗುತ್ತದೆ. ಬರುವ ಹಾಡಿನ ಲೋ ಕೊಂದಿಟ್ಟು, ಸರಿಯಾದ ತಾಳಕ್ಕೆ ಹಳೆಯದರ ಲೋ ಕೊಂದು ಹೊಸದರದ್ದು ಬಿಡೋದು ಪದ್ಧತಿ. ಅಂದರೆ ಈ ನಾಬ್‌ಗಳು ಮುಖ್ಯವಾಗಿ ಇಳಿಸೋದಕ್ಕೆ ಇರೋದು. ನಮ್ಮೂರಲ್ಲಿ ಎಲ್ಲರೂ ಏರಿಸೋದಕ್ಕೆ ಬಳಸುತ್ತಾರೆ.

ಈಗ ಕ್ರಾಸ್‌ಫೇಡರ್. ಡಿಜೆ ಮಿಕ್ಸರ್ ಅಂದರೆ ಇದೇ ಅನ್ನುವಷ್ಟು ಹೆಸರು ಮಾಡಿದ ಪುಟ್ಟ ಕಂಟ್ರೋಲ್ ಇದು. ಆದರೆ 1970ರ ದಶಕದ ಶುರುವಿನಲ್ಲಿ ನ್ಯೂಯಾರ್ಕ್ ಕ್ಲಬ್‌ಗಳಲ್ಲಿ ನೆಲೆಯೂರಿದ ಬೋಜಾಕ್ ಮಿಕ್ಸರ್‌ನಲ್ಲಿ ಕ್ರಾಸ್‌ಫೇಡರೇ ಇರಲಿಲ್ಲ. ಎಲ್ಲ ದುಂಡು ನಾಬ್‌ಗಳು. ಈಗಲೂ ಅಂಥ ರೋಟರಿ ಮಿಕ್ಸರ್ ಬೇಕು ಅಂತ ಹುಡುಕುವ ಡಿಜೆಗಳಿದ್ದಾರೆ.

ಹುಡುಗನ ದೂರು ಹೀಗಿತ್ತು: ಪೂರ್ತಿ ಎಡಕ್ಕೆ ತಳ್ಳಿದರೂ ಬಲದ ಹಾಡು ಹಿಂದೆ ಕೇಳಿಸುತ್ತದೆ. ನನ್ನ ಎರಡು ಟೋನಿನಿಂದ ಅದು ಸರಿಯಾಗಿ ಗೊತ್ತಾಯಿತು. ಪೂರ್ತಿ ಬಲಕ್ಕೆ ತಳ್ಳಿದರೆ ಬರೀ 1000. ಪೂರ್ತಿ ಎಡಕ್ಕೆ ತಳ್ಳಿದರೆ 400ರ ಜೊತೆ 1000ವೂ ಇದೆ. ಚಾನೆಲ್ 2ರ ಫೇಡರ್ ಇಳಿಸಿದರೆ ನಿಲ್ಲುತ್ತದೆ. ಅಂದರೆ ಸೋರಿಕೆ ಕ್ರಾಸ್‌ಫೇಡರಿನ ಎಡ ತುದಿಯಲ್ಲೇ.

ಮಿಕ್ಸರಿನ ನೆಟ್ಟಗಿನ ಮುಖದಲ್ಲಿ, ಹೊಟ್ಟೆಗೆ ತಾಗುವ ಕಡೆ, ಕೆಲವು ಕಂಟ್ರೋಲ್‌ಗಳು ಇರುತ್ತವೆ. ಜ್ಯಾಕ್ ಬಿಟ್ಟರೆ ಉಳಿದವನ್ನು ಜನ ಮುಟ್ಟೋದೇ ಇಲ್ಲ. ಹೆಡ್‌ಫೋನ್ ಜ್ಯಾಕ್, ಕ್ರಾಸ್‌ಫೇಡರ್ ಕರ್ವ್, ರಿವರ್ಸ್ ಸ್ವಿಚ್. ಕರ್ವ್ ನಾಬ್ ಒಂದು ಕಡೆ ತಿರುಗಿಸಿದರೆ ಒಂದು ಹಾಡು ಮೆಲ್ಲಗೆ ಕರಗಿ ಇನ್ನೊಂದು ಮೆಲ್ಲಗೆ ಏರುತ್ತದೆ. ಇನ್ನೊಂದು ಕಡೆ ತಿರುಗಿಸಿದರೆ ತುದಿಯಿಂದ ಒಂದೆರಡು ಮಿಲಿಮೀಟರ್ ಸರಿದರೆ ಸಾಕು, ಹಾಡು ಪೂರ್ತಿ ತೆರೆದುಕೊಳ್ಳುತ್ತದೆ. ರೆಕಾರ್ಡನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಿ ಸ್ಕ್ರ್ಯಾಚ್ ಮಾಡುವವರಿಗೆ ಅದೇ ಬೇಕು. ನಾನು ಸೋರಿಕೆ ಕೇಳಿಸಿಕೊಳ್ಳುತ್ತಾ ಕರ್ವ್ ತಿರುಗಿಸಿದೆ. ಮೆತ್ತಗಿನ ಕಡೆ 1000ದ ಟೋನ್ ಬಹಳ ಸಣ್ಣಗಾಯಿತು. ಚೂಪಿನ ಕಡೆ ತಂದರೆ ಜೋರಾಗಿ ಕೂಗಿತು. ವೈರ್ ಅಥವಾ ಐಸಿ ಕೆಟ್ಟು ಸೋರುತ್ತಿದ್ದರೆ ಕರ್ವ್ ತಿರುಗಿಸಿದಾಗ ಇಷ್ಟು ಬದಲಾಗಬಾರದು. ಹಾಗಾದರೆ ಫೇಡರ್ ತನ್ನ ತುದಿ ಮುಟ್ಟುತ್ತಿಲ್ಲ. ಕೈಗೆ ತುದಿ ಬಂತು ಅನಿಸುತ್ತದೆ, ಒಳಗೆ ಪಟ್ಟಿಯ ಮೇಲೆ ಓಡುವ ಲೋಹದ ಬೆರಳು ಮಾತ್ರ ಒಂಚೂರು ಈಚೆಗೇ ನಿಂತಿದೆ.

ರಿವರ್ಸ್ ಸ್ವಿಚ್ ಎಡವನ್ನು ಬಲ, ಬಲವನ್ನು ಎಡ ಮಾಡುತ್ತದೆ. ಅದನ್ನು ಹ್ಯಾಮ್‌ಸ್ಟರ್ ಅಂತಲೂ ಕರೆಯುತ್ತಾರೆ. "ಒಂದೊಂದ್ಸಲ ಫೇಡರ್ ಉಲ್ಟಾ ಕೆಲಸ ಮಾಡ್ತದೆ, ಮನೆಗೆ ತಂದ್ರೆ ಸರಿ ಇರ್ತದೆ" ಅಂತ ಅವನು ಹೇಳಿದ್ದಕ್ಕೆ ಉತ್ತರ ಇಲ್ಲೇ ಇತ್ತು. ಪೆಟ್ಟಿಗೆಯ ಸ್ಪಂಜು ಆ ಸ್ವಿಚ್ಚಿಗೆ ಒತ್ತುತ್ತಿತ್ತು. ಇಳಿಸುವಾಗ ಒಂದು ಕಡೆ, ತುಂಬುವಾಗ ಇನ್ನೊಂದು ಕಡೆ.

ಹೆಡ್‌ಫೋನಿನ ಬಲ ಕಿವಿ ಇಲ್ಲ ಅನ್ನೋದು ಕೊನೆಯ ಕಂಪ್ಲೇಂಟ್. ಬೇರೆ ಹೆಡ್‌ಫೋನ್ ಹಾಕಿದರೂ ಅದೇ. ಹೆಡ್‌ಫೋನ್ ವಿಭಾಗದಲ್ಲಿ ಕ್ಯೂ-ಮಾಸ್ಟರ್ ಮಿಕ್ಸ್ ಅನ್ನುವ ನಾಬ್ ಇದೆ. ಒಂದು ಕಡೆ ತಿರುಗಿಸಿದರೆ ಬರೀ ಕ್ಯೂ, ಇನ್ನೊಂದು ಕಡೆ ಬರೀ ಮಾಸ್ಟರ್, ನಡುವೆ ಎರಡೂ. ಎರಡು ಕಡೆಯೂ ಬಲ ಕಿವಿ ಇಲ್ಲ ಅಂದರೆ ತೊಂದರೆ ಈ ನಾಬ್ ಆದ ಮೇಲೆ. ಅಲ್ಲಿ ಇರೋದೇ ಮೂರು: ಹೆಡ್‌ಫೋನ್ ವಾಲ್ಯೂಮ್, ಅದರ ಐಸಿ, ಜ್ಯಾಕ್. ಪ್ಲಗ್ಗನ್ನು ಮೇಲೆ ಕೆಳಗೆ ಅಲುಗಿಸಿದೆ. ಬಲ ಕಿವಿ ಪಟಪಟ ಅಂತು. ಮುಂದೆ ಹುಡುಕೋ ಕೆಲಸವೇ ಇಲ್ಲ.

ಮುಚ್ಚಳ ಬಿಚ್ಚೋದು ಈಗ. ಕರೆಂಟ್ ವೈರ್ ಗೋಡೆಯಿಂದ ತೆಗೆದು ಪಕ್ಕಕ್ಕಿಡಿ. ಬರೀ ಸ್ವಿಚ್ ಆಫ್ ಸಾಲದು. ಒಳಗೆ 230 ವೋಲ್ಟ್ ಬರುವ ಜಾಗ ಇದೆ. ಸ್ವಲ್ಪ ಹೊತ್ತು ಬಿಟ್ಟು ತೆರೆಯಿರಿ. ಅಲ್ಲಿ ಕೈ ಹಾಕಿ ಅಭ್ಯಾಸ ಇಲ್ಲದವರು ಇಲ್ಲಿಗೇ ನಿಲ್ಲಿಸಿ, ಮೇಲೆ ಹೇಳಿದ ಲಕ್ಷಣಗಳನ್ನು ಬರೆದು ಮೆಕ್ಯಾನಿಕ್ ಕೈಗೆ ಕೊಟ್ಟರೂ ಅವನ ಅರ್ಧ ಕೆಲಸ ಮುಗಿದಿರುತ್ತದೆ.

ನಾಬ್‌ಗಳನ್ನು ಸ್ಕ್ರೂಡ್ರೈವರಿನಿಂದ ಮೀಟಬೇಡಿ, ಪೇಂಟ್ ಹೋಗುತ್ತದೆ. ಬಟ್ಟೆಯ ದಾರ ಅಥವಾ ಹಳೇ ಶೂ ಲೇಸನ್ನು ನಾಬಿನ ಬುಡಕ್ಕೆ ಸುತ್ತಿ ನೇರ ಮೇಲಕ್ಕೆ ಎಳೆದರೆ ಕಳಚಿ ಬರುತ್ತದೆ. ತೆಗೆಯುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ. ಬಣ್ಣದ ನಾಬ್‌ಗಳು ಅದಲುಬದಲಾದರೆ ಆಮೇಲೆ ಕತ್ತಲಲ್ಲಿ ಲೋ ಅಂತ ಹೈ ತಿರುಗಿಸುತ್ತಾರೆ. ಕ್ರಾಸ್‌ಫೇಡರ್ ಮಾತ್ರ ಬೇರೆ ಪುಟ್ಟ ತಗಡಿನ ಮೇಲೆ ಕೂತಿರುತ್ತದೆ. ಹೆಚ್ಚು ಸವೆಯುವ ಭಾಗ ಇದೇ ಆದ್ದರಿಂದ ಅದೊಂದನ್ನೇ ತೆಗೆದು ಬದಲಾಯಿಸಲಿ ಅಂತ ಕಂಪನಿಯವರೇ ಮಾಡಿಟ್ಟ ಏರ್ಪಾಡು.

ಮೊದಲು ಲೈನ್-ಫೋನೋ ಸ್ವಿಚ್. ಮಲ್ಟಿಮೀಟರ್ ಹಿಡಿದೆ. ಬಲದ ಕಾಂಟ್ಯಾಕ್ಟ್ 1 ಓಮ್‌ಗಿಂತ ಕಡಿಮೆ. ಎಡದ್ದು ಒಮ್ಮೆ 30, ಒಮ್ಮೆ 200, ತಟ್ಟಿದರೆ ಪೂರ್ತಿ ಓಪನ್. ಯಾವತ್ತೂ ಮುಟ್ಟದ ಸ್ವಿಚ್ ಯಾಕೆ ಕೆಡುತ್ತದೆ ಅಂತ ಕೇಳಬಹುದು. ಮುಟ್ಟದೇ ಇದ್ದಿದ್ದಕ್ಕೇ. ಜಾರುವ ಸ್ವಿಚ್‌ಗಳು ಪ್ರತಿ ಸಲ ಜಾರಿದಾಗ ತಮ್ಮ ಕಾಂಟ್ಯಾಕ್ಟನ್ನು ತಾವೇ ಉಜ್ಜಿಕೊಳ್ಳುತ್ತವೆ. ವರ್ಷಗಟ್ಟಲೆ ಒಂದೇ ಕಡೆ ನಿಂತರೆ, ಅದರಲ್ಲೂ ನಮ್ಮ ಮಲೆನಾಡಿನ ಮಳೆಗಾಲದ ಶೀತಕ್ಕೆ, ಲೋಹದ ಮೇಲೆ ಕಪ್ಪು ಪೊರೆ ಕಟ್ಟುತ್ತದೆ. ಫ್ಯಾನ್, ಬಲ್ಬಿನ ಕರೆಂಟ್ ಆದರೆ ಅಂಥ ಪೊರೆಯನ್ನು ಸೀಳಿಕೊಂಡು ಹೋಗುತ್ತದೆ. ಆಡಿಯೋ ಸಿಗ್ನಲ್ಲಿನ ಕರೆಂಟ್ ಬಹಳ ಸಣ್ಣದು, ಅದಕ್ಕೆ ಆ ತಾಕತ್ತಿಲ್ಲ. ಕಾಂಟ್ಯಾಕ್ಟ್ ಕ್ಲೀನರ್ ಸಣ್ಣ ನಳಿಗೆಯಿಂದ ಒಂದು ಹನಿ ಬಿಟ್ಟು, ಸ್ವಿಚ್ಚನ್ನು ಹಿಂದೆ ಮುಂದೆ ಬೇಜಾರಾಗುವಷ್ಟು ಆಡಿಸಿದೆ. ಎಡವೂ 1 ಓಮ್ ಒಳಗೆ ಬಂತು. ಚಾನೆಲ್ 1ರ ಸ್ವಿಚ್‌ಗೂ ಅದೇ ಸೇವೆ ಆಯಿತು, ಮುಂದೆ ಅದೂ ಹೀಗೇ ಆಗೋದು ತಾನೇ.

ಗಾಡಿ ಗ್ಯಾರೇಜಿನಲ್ಲಿ ಸಿಗುವ ತುಕ್ಕು ಬಿಡಿಸುವ ಸ್ಪ್ರೇ ಇಲ್ಲಿಗೆ ಬೇಡ. ಕೆಲವು ದಿನ ಚೆನ್ನಾಗಿ ಓಡುತ್ತದೆ, ಆಮೇಲೆ ಎಣ್ಣೆ ಉಳಿದು ದೂಳು ಹಿಡಿದು ಮೊದಲಿಗಿಂತ ಹಾಳು. ಫೇಡರಿನ ಒಳಗಿನ ಗ್ರೀಸನ್ನೂ ಅದು ತೊಳೆದುಬಿಡುತ್ತದೆ.

ಕ್ರಾಸ್‌ಫೇಡರ್ ತೆಗೆದಾಗ ಅದಕ್ಕೆ ಮೂರೇ ವೈರ್ ಇತ್ತು. ಇದು ಒಳ್ಳೇ ಸುದ್ದಿ. ಹಳೇ ಅಗ್ಗದ ಮಿಕ್ಸರ್‌ಗಳಲ್ಲಿ ಹಾಡಿನ ಸಿಗ್ನಲ್ಲೇ ಫೇಡರಿನ ಕಾರ್ಬನ್ ಪಟ್ಟಿಯ ಮೇಲೆ ಹಾದುಹೋಗುತ್ತದೆ, ಆಗ ವೈರ್‌ಗಳು ಜಾಸ್ತಿ ಇರುತ್ತವೆ. ಮೂರೇ ವೈರ್ ಇದ್ದರೆ ಸಾಮಾನ್ಯವಾಗಿ ಅದು ಬರೀ ಡಿಸಿ ವೋಲ್ಟೇಜ್ ಕಳಿಸುತ್ತದೆ. ಹಾಡನ್ನು ಏರಿಸಿ ಇಳಿಸೋದು ಬೋರ್ಡಿನಲ್ಲಿರುವ ವಿಸಿಎ ಐಸಿ, ಅಂದರೆ ಆ ವೋಲ್ಟೇಜ್ ಹೇಳಿದಂತೆ ಕೇಳುವ ಪುಟ್ಟ ಆಂಪ್. ಹಾಗಾಗಿ ಫೇಡರ್ ಸ್ವಲ್ಪ ಕೊಳೆಯಾದರೂ ಕರಕರ ಅನ್ನೋದು ಅಷ್ಟಾಗಿ ಕೇಳಿಸೋದಿಲ್ಲ. ಬದಲಿಗೆ ಹೀಗೆ ಸೋರಿಕೆಯಾಗಿ ಕಾಣಿಸಿಕೊಳ್ಳುತ್ತದೆ. ಕರೆಂಟ್ ಕೊಟ್ಟು, ಹುಷಾರಾಗಿ ನಡುವಿನ ವೈರಿನ ವೋಲ್ಟೇಜ್ ನೋಡಿದೆ. ಬಲ ತುದಿಯಲ್ಲಿ 5 ವೋಲ್ಟ್, ಸರಿ. ಎಡ ತುದಿಯಲ್ಲಿ ಸೊನ್ನೆ ಇರಬೇಕಾದ ಕಡೆ 0.2. ಈ ಫೇಡರಿನ ಓಟ 45 ಮಿಲಿಮೀಟರ್. 5 ವೋಲ್ಟಿಗೆ 45 ಅಂದರೆ 0.2 ವೋಲ್ಟಿಗೆ 2 ಮಿಲಿಮೀಟರಿಗೆ ಚೂರು ಕಡಿಮೆ. ಬೆರಳು ಅಷ್ಟು ಈಚೆಗೆ ನಿಲ್ಲುತ್ತಿದೆ.

ಕರೆಂಟ್ ಮತ್ತೆ ತೆಗೆದು ಫೇಡರಿನ ತಗಡಿನ ಕಿವಿಗಳನ್ನು ಮೆಲ್ಲಗೆ ನೆಟ್ಟಗೆ ಮಾಡಿ ಮುಚ್ಚಳ ಎತ್ತಿದೆ. ಕಪ್ಪು ಕಾರ್ಬನ್ ಪಟ್ಟಿ, ಅದರ ಮೇಲೆ ಓಡುವ ತಾಮ್ರದ ಬಣ್ಣದ ಸಣ್ಣ ಬೆರಳುಗಳು. ಎಡ ತುದಿಯ ಮೂಲೆಯಲ್ಲಿ ಗುಲಾಬಿ ಬಣ್ಣದ ಮುದ್ದೆ! ಗಣಪತಿ ಬಿಡುವಾಗ ಎರಚಿದ ಗುಲಾಲು. ಟ್ರ್ಯಾಕ್ಟರಿನ ಮೇಲೆ ಮಿಕ್ಸರ್ ಸ್ವಲ್ಪ ಎಡಕ್ಕೆ ವಾಲಿಕೊಂಡು ಇರುತ್ತಿತ್ತಂತೆ. ಸೀಳಿನಿಂದ ಒಳಗೆ ಬಿದ್ದ ಪುಡಿಯನ್ನು ಫೇಡರಿನ ಬೆರಳು ಪ್ರತಿ ಸಲ ತಳ್ಳಿ ತಳ್ಳಿ ಮೂಲೆಗೆ ಒತ್ತಿದೆ, ಗ್ರೀಸಿನ ಜೊತೆ ಸೇರಿ ಗಟ್ಟಿಯಾಗಿದೆ. ಮುದ್ದೆಯ ಒಳಗೆ ಮದುವೆ ಸ್ಟೇಜಿನ ಮಿಂಚಿನ ಕಾಗದದ ಚೂರೂ ಒಂದು ಸಿಕ್ಕಿತು. ಹಲ್ಲುಕಡ್ಡಿಯಿಂದ ಮುದ್ದೆ ಬಿಡಿಸಿ, ಕಿವಿ ಸ್ವಚ್ಛ ಮಾಡುವ ಹತ್ತಿಯ ಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಸೋಕಿಸಿ ಪಟ್ಟಿಯನ್ನು ಉದ್ದಕ್ಕೆ ಒರೆಸಿದೆ. ಒತ್ತಿ ಉಜ್ಜಬಾರದು, ಕಾರ್ಬನ್ ಪದರ ತೆಳು. ಒಣಗಿದ ಮೇಲೆ ಲೋಹದ ಹಳಿಗೆ ಮಾತ್ರ ಫೇಡರ್ ಗ್ರೀಸ್ ತುಸು. ಮುಚ್ಚಿ ಅಳೆದರೆ ಎಡ ತುದಿ 0.01 ವೋಲ್ಟ್. ಕರ್ವ್ ಅತಿ ಚೂಪಿಗೆ ತಿರುಗಿಸಿ ಕೇಳಿದೆ. 1000ದ ಟೋನ್ ಪೂರ್ತಿ ಬಂದ್.

ಹೆಡ್‌ಫೋನ್ ಜ್ಯಾಕಿನ ಕಥೆ ಇನ್ನೂ ಸಣ್ಣದು. 6.3 ಮಿಲಿಮೀಟರಿನ ಜ್ಯಾಕ್. ಅದನ್ನು ಮುಂಭಾಗದ ತಗಡಿಗೆ ಬಿಗಿಯುವ ನಟ್ಟೇ ಬಿದ್ದುಹೋಗಿತ್ತು. ಹೆಡ್‌ಫೋನ್ ವೈರ್ ಎಳೆದಾಗಲೆಲ್ಲ ಭಾರ ಪೂರ್ತಿ ಬೋರ್ಡಿನ ಬೆಸುಗೆ ಮೇಲೆ. ಭೂತಗನ್ನಡಿಯಲ್ಲಿ ನೋಡಿದರೆ ಒಂದು ಕಾಲಿನ ಸುತ್ತ ಕೂದಲೆಳೆಯಂಥ ಕಪ್ಪು ಉಂಗುರ. ಪ್ಲಗ್ಗಿನ ತುದಿ ಎಡ ಕಿವಿ, ನಡುವಿನ ಉಂಗುರ ಬಲ ಕಿವಿ, ಬುಡ ಗ್ರೌಂಡ್. ಇಲ್ಲಿ ಬಿಟ್ಟಿದ್ದು ಬಲ ಕಿವಿಯ ಕಾಲು. ಗ್ರೌಂಡ್ ಕಾಲು ಬಿಟ್ಟಿದ್ದರೆ ಲಕ್ಷಣ ಬೇರೆ ಇರುತ್ತದೆ. ಎರಡೂ ಕಿವಿಯಲ್ಲಿ ಸಂಗೀತ ಟೊಳ್ಳಾಗಿ ಬರುತ್ತದೆ, ಹಾಡುವವರ ದನಿ ಮಾತ್ರ ಮಾಯ. ಎರಡೂ ಸೈಡಿನಲ್ಲಿ ಸಮನಾಗಿರೋದು ಒಂದನ್ನೊಂದು ಹೊಡೆದುಹಾಕಿ, ವ್ಯತ್ಯಾಸ ಇರೋದಷ್ಟೇ ಉಳಿಯುತ್ತದೆ. ಹೆಡ್‌ಫೋನಿನಲ್ಲಿ ಗಾಯಕರು ಕಾಣೆಯಾದರೆ ಮೊದಲು ಗ್ರೌಂಡ್ ನೋಡಿ. ಹಳೇ ಸೀಸವನ್ನು ಅದನ್ನು ಹೀರುವ ತಾಮ್ರದ ಬತ್ತಿಯಿಂದ ತೆಗೆದು, ಫ್ಲಕ್ಸ್ ಹಾಕಿ ಹೊಸದಾಗಿ ಬೆಸೆದೆ. ನಟ್ಟು ನನ್ನ ಹಳೇ ಡಬ್ಬಿಯಲ್ಲಿ ಸಿಕ್ಕಿತು. ನಟ್ ಹಾಕದೆ ಬರೀ ಬೆಸೆದು ಕೊಟ್ಟಿದ್ದರೆ ಮುಂದಿನ ಸೀಸನ್‌ಗೆ ಅದೇ ಮಿಕ್ಸರ್ ಅದೇ ಕಂಪ್ಲೇಂಟ್.

ಎಲ್ಲ ಜೋಡಿಸಿದ ಮೇಲೆ ಔಟ್‌ಪುಟ್ ಕಡೆ ಒಂದು ಸುತ್ತು. ಮಾಸ್ಟರ್, ಬೂತ್, ರೆಕ್. ಬೂತ್ ಅಂದರೆ ಡಿಜೆ ಪಕ್ಕದ ಸ್ಪೀಕರಿಗೆ, ಅದರ ವಾಲ್ಯೂಮ್ ಬೇರೆ. ರೆಕ್ ಔಟ್ ಬಹುತೇಕ ಮಿಕ್ಸರ್‌ಗಳಲ್ಲಿ ಮಾಸ್ಟರ್ ನಾಬ್‌ಗಿಂತ ಮೊದಲೇ ಹೊರಡುತ್ತದೆ. ರೆಕಾರ್ಡಿಂಗ್ ಚೆನ್ನಾಗಿ ಬಂದು ಸ್ಪೀಕರಿನಲ್ಲಿ ಕೆಟ್ಟು ಬಂದರೆ ತೊಂದರೆ ಮಾಸ್ಟರ್ ನಾಬಿನಿಂದಾಚೆ ಅಂತ ಅದೂ ಹೇಳಿಕೊಡುತ್ತದೆ. ಸಪ್ಲೈ ಅಳೆದೆ, ಎರಡೂ 15ರ ಹತ್ತಿರವೇ ಇತ್ತು.

ಹೋಗುವಾಗ ಹುಡುಗ ಇನ್ನೊಂದು ಕೇಳಿದ. "ಮೈಕ್ ಆನ್ ಇದ್ದಾಗ ಹಾಡು ತಾನಾಗೇ ಕಮ್ಮಿ ಆಗ್ತದಲ್ಲ ಅಣ್ಣ, ಅದೂ ಫಾಲ್ಟಾ?" ಅದು ಟಾಕ್‌ಓವರ್. ಮೈಕಿನಲ್ಲಿ ಮಾತು ಬಂದರೆ ಹಾಡನ್ನು ತಗ್ಗಿಸಲಿ ಅಂತ ಇಟ್ಟಿರೋದು. ಮೆರವಣಿಗೆಯ ಗಲಾಟೆಯನ್ನೂ ಅದು ಮಾತು ಅಂದುಕೊಳ್ಳುತ್ತದೆ. ಬೇಡದಾಗ ಆಫ್ ಮಾಡು ಅಂದೆ. ರಿವರ್ಸ್ ಸ್ವಿಚ್ಚಿನ ಮೇಲೆ ಕಪ್ಪು ಬಟ್ಟೆ ಟೇಪ್ ಅಂಟಿಸಿ ಕೊಟ್ಟೆ, ಅವನಿಗೆ ಅದರ ಉಪಯೋಗ ಇಲ್ಲ.

ಕ್ರಾಸ್‌ಫೇಡರ್ ಪಟ್ಟಿಯ ನಡುವೆ ಮಾತ್ರ ಒಂದು ತೆಳು ಗೆರೆ ಕಂಡಿತ್ತು, ಕಾರ್ಬನ್ ಸವೆಯೋಕೆ ಶುರುವಾಗಿದೆ. ಈಗ ಓಡುತ್ತದೆ, ಮುಂದೆ ಬದಲಾಯಿಸಲೇಬೇಕು. ಮುಚ್ಚಳದ ಒಳಗೆ ಕಾಗದದ ಟೇಪಿನ ಮೇಲೆ ಬರೆದು ಅಂಟಿಸಿದ್ದೇನೆ: ಓಟ 45 ಮಿಲಿಮೀಟರ್, 10 ಕಿಲೋಓಮ್, ಲೀನಿಯರ್ ಬಿ, ಕಾಲು ಮೂರು, ಸ್ಕ್ರೂ ತೂತಿನ ಅಂತರ ಇಷ್ಟು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೂ ಆನ್‌ಲೈನ್‌ನಲ್ಲಿ ತರಿಸಿದರೂ ಬರೀ "ಡಿಜೆ ಫೇಡರ್ ಕೊಡಿ" ಅಂದರೆ 60 ಮಿಲಿಮೀಟರಿನದು ಕೈಗೆ ಬರುತ್ತದೆ. ಅದು ಈ ಸೀಳಿನಲ್ಲಿ ಕೂರೋದಿಲ್ಲ.